ಒಂದೂವರೆ ಗೇಣಿನ ದಾರಿ

ಮೂವತ್ತು ವರ್ಷ ಹುಡುಗರಿಗೆ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಬೀಳ್ಕೊಡುವ ದಿನ ಹಾರ ತುರಾಯಿಗಳ ಜೊತೆಗೆ ಶಾಲೆಯ ಹಳೆಯ ಗ್ಲೋಬೊಂದನ್ನೂ ಕೊಟ್ಟರು. ಅಡ್ಡಳತೆ ಸುಮಾರು ಒಂದಡಿ. ಯಲಹಂಕದ ನಮ್ಮ ಮನೆಯಲ್ಲಿ ಅದು ಬಹುಕಾಲ ಧೂಳು ಹಿಡಿದು ಕುಳಿತಿತ್ತು. ಕೆಳಗಿಳಿದದ್ದು ನಮ್ಮಕ್ಕನ ಒಂದು ಪ್ರಶ್ನೆಯಿಂದ.

ಅಕ್ಕ ಹಾಸಿಗೆ ಹಿಡಿದಿದ್ದಳು. ತಾಯಿಯಿಲ್ಲದ ನನ್ನ ಮಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವನಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಜಕ್ಕೂರಿನ ತರಬೇತಿ ವಿಮಾನ ಗುಂಯ್‌ಗುಡುತ್ತ ಹೋದರೂ ಸಾಕು, “ಮಗು ಬಂತೇನೋ?” ಎನ್ನುವಳು. ಒಂದು ದಿನ, “ಅವನಿರುವ ಊರು ಎಷ್ಟು ದೂರವೋ?” ಎಂದಳು. ಕಿಲೋಮೀಟರಿನ ಲೆಕ್ಕ ಅವಳಿಗೆ ಬೇಡ. ಹೂ ಕಟ್ಟುವ ದಾರವನ್ನು ತಂದು, ಗ್ಲೋಬಿನ ಮೇಲೆ ಬೆಂಗಳೂರಿನಿಂದ ಆ ಊರಿಗೆ ಬಿಗಿಯಾಗಿ ಎಳೆದೆ.

ಗೋಡೆಯ ಭೂಪಟವನ್ನು ನಂಬಿದವರು ಪೂರ್ವಕ್ಕೆ ಹೊರಟು ಶಾಂತಸಾಗರವನ್ನು ದಾಟಬೇಕೆನ್ನುವರು. ದಾರ ಹಾಗೆ ಹೋಗಲೊಲ್ಲದು. ಅದು ಬಡಗಲಿಗೆ ಮುಖಮಾಡಿ, ನೇಪಾಳ ಟಿಬೆಟ್ಟುಗಳನ್ನು ಹಾದು, ಸೈಬೀರಿಯಾವನ್ನೇರಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಇದು ಸುಮಾರು 14,000 ಕಿಲೋಮೀಟರ್. ಭೂಪಟದ ಮೇಲೆ ಅಡಿಕೋಲಿಟ್ಟು ಗೀಚಿದ ಗೆರೆಯನ್ನು ಹಿಡಿದು ಹೋದರೆ ಇನ್ನೂ 2,000 ಹೆಚ್ಚು. ಈ ಪಾಠವನ್ನು ಎಷ್ಟು ತರಗತಿಗಳಲ್ಲಿ ಒಪ್ಪಿಸಿದ್ದೆನೋ! ಆದರೆ ದಾರ ಹಿಡಿದು ನಾನೇ ನೋಡಿದ್ದು ಅಂದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ದಾರಕ್ಕಿರುವ ಸ್ವಾತಂತ್ರ್ಯ ವಿಮಾನಕ್ಕಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಅದು ಬೇಗನೆ ಸುಮಾರು 3,000 ಮೀಟರಿನ ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 4,500 ಮೀಟರಿನ ಮೇಲಿದೆ. ಇದಲ್ಲದೆ ಎದುರುಗಾಳಿಯ ಕಾಟ ಬೇರೆ. ಹೀಗಾಗಿ ಸುತ್ತುದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಆ ಊರಿನಿಂದ ಬೆಂಗಳೂರಿಗೆ ಬಂತಷ್ಟೆ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ಧ್ರುವಮಾರ್ಗವಾಗಿ ಸುಮಾರು 16,000 ಕಿಲೋಮೀಟರ್, ಸುಮಾರು 17 ಗಂಟೆ. 9ನೆಯ ತಾರೀಖು ಶನಿವಾರ ರಾತ್ರಿ ಹೊರಟದ್ದು 11ನೆಯ ತಾರೀಖು ಸೋಮವಾರ ನಸುಕಿನಲ್ಲಿ ದೇವನಹಳ್ಳಿಯ ಬಳಿ ಇಳಿಯಿತು. ನಡುವಿನ ಭಾನುವಾರ ಏನಾಯಿತೆಂದು ವಿದ್ಯಾರ್ಥಿಗಳು ಕೇಳಬಹುದು. ಪಯಣದ ಹದಿನೇಳು ಗಂಟೆಗೆ ಎರಡೂರುಗಳ ಗಡಿಯಾರಗಳ ಅಂತರವಾದ ಹದಿಮೂರೂವರೆ ಗಂಟೆಯನ್ನು ಕೂಡಿಸಿ ನೋಡಲಿ.

ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಕಿವಿಗೊಟ್ಟಂತೆ ತೋರಲಿಲ್ಲ. ದಾರವನ್ನು ಕೈಗೆ ತೆಗೆದುಕೊಂಡು ಗೇಣುಹಾಕಿ ಅಳೆದಳು.

“ಒಂದೂವರೆ ಗೇಣು. ಇದಕ್ಕೆ ಹದಿನೇಳು ಗಂಟೆಯೇ?”

ನನ್ನಲ್ಲಿ ಉತ್ತರವಿರಲಿಲ್ಲ.

2023ರ ಸಂಕ್ರಾಂತಿ ಕಳೆದ ವಾರ ಅವಳ ಸ್ಥಿತಿ ಬಿಗಡಾಯಿಸಿತು. ಮಗನಿಗೆ ತಿಳಿಸಿದೆ. ನೇರ ವಿಮಾನ ಆ ದಿನ ಇರಲಿಲ್ಲ. ಎರಡು ಕಡೆ ಇಳಿದು ಹತ್ತಿ, ಮೂವತ್ತು ಗಂಟೆಗೂ ಮಿಕ್ಕಿದ ಪಯಣ ಮಾಡಿ ಬಂದ. ಅವನನ್ನು ಕರೆತರಲು ನಾನೇ ಹೋಗಿದ್ದೆ. ವಿಮಾನ ನಿಲ್ದಾಣದಿಂದ ಯಲಹಂಕಕ್ಕೆ ಇಪ್ಪತ್ತು ಕಿಲೋಮೀಟರಿಗೆ ಮೀರದು. ದಾರಿಯುದ್ದಕ್ಕೂ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಕೋಣೆಗೆ ಹೋದಾಗ ಅಕ್ಕನಿಗೆ ಎಚ್ಚರವಿತ್ತು. ಅವನನ್ನು ನೋಡಿ, “ಊಟವಾಯಿತೇನೋ?” ಎಂದಳು. ಆಗಿದೆಯೆಂದು ಅವನು ಸುಳ್ಳು ಹೇಳಿದ. ಮಾರನೆಯ ದಿನ ಅವಳಿಗೆ ಮಾತು ನಿಂತಿತು. ಮೂರನೆಯ ದಿನ ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವಳ ಎಲೆಅಡಿಕೆಯ ಚೀಲವನ್ನು ಬಿಚ್ಚಿದಾಗ, ಸುಣ್ಣದ ಡಬ್ಬಿಗೆ ಆ ದಾರವನ್ನು ಸುತ್ತಿಟ್ಟಿದ್ದಳು. ಮಗ ಅದನ್ನು ಬಿಡಿಸಿ, ಮಡಿಸಿ, ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಂಡ.