ವಿದೇಶದಲ್ಲಿ ಪದವಿಯಾಯಿತು, ನೌಕರಿ ಎಲ್ಲಿ? - ಹುಬ್ಬಳ್ಳಿ-ಧಾರವಾಡದ ಪೋಷಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ವಿದ್ಯೆಯ ಊರೆಂಬ ಹೆಸರು ಹಿಂದಿನಿಂದಲೂ ಇದೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಐಐಟಿ ಎಲ್ಲವೂ ಇಲ್ಲಿವೆ. ರೈಲ್ವೆ, ಬ್ಯಾಂಕು, ಶಾಲೆಗಳ ನೌಕರಿಗೆಂದು ಕಾರವಾರ, ಹೊನ್ನಾವರ, ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿಯೇ ನೆಲೆಸಿದ ನಮ್ಮ ಕುಟುಂಬಗಳೂ ಅನೇಕ. ಈ ಮನೆಗಳ ಮಕ್ಕಳು ಬಿ.ಇ. ಮುಗಿಸಿ ಎಂ.ಎಸ್. ಮಾಡಲು ಅಮೆರಿಕ, ಬ್ರಿಟನ್, ಜರ್ಮನಿ, ಐರ್ಲೆಂಡ್ ಎಂದು ಹೊರಡುತ್ತಿದ್ದಾರೆ. ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರು ವೀಸಾ ಸಿಗುವವರೆಗೆ ಜೊತೆಗಿರುತ್ತಾರೆ. ಪದವಿ ಮುಗಿದ ಮೇಲಿನ ಒಂದೆರಡು ವರ್ಷಗಳ ಬಗ್ಗೆ ಮಾತ್ರ ಮನೆಯವರಿಗೆ ಸರಿಯಾಗಿ ಹೇಳುವವರು ಕಡಿಮೆ. ಆದ್ದರಿಂದ ಆ ವಿಷಯವನ್ನೇ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಮೊದಲು ಸಾಲದ ಲೆಕ್ಕ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಂದರೆ ಇರುವ ಮನೆಯೋ, ನಿವೃತ್ತಿ ಹಣದಲ್ಲಿ ಕೊಂಡ ಎನ್.ಎ. ಪ್ಲಾಟೋ ಬ್ಯಾಂಕಿನ ಕೈ ಸೇರುತ್ತದೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬ ಸೌಲಭ್ಯವೇನೋ ಇದೆ, ಆದರೆ ಬಡ್ಡಿ ನಿಲ್ಲುವುದಿಲ್ಲ. ಉದಾಹರಣೆಗೆ 30 ಲಕ್ಷ ಸಾಲ, ಶೇಕಡಾ 11 ಬಡ್ಡಿ, ಹತ್ತು ವರ್ಷ ಎಂದಿಟ್ಟುಕೊಳ್ಳೋಣ. ಮೊದಲ ದಿನದಿಂದ ಕಟ್ಟಿದರೆ ತಿಂಗಳ ಕಂತು ಸುಮಾರು 41 ಸಾವಿರ. ಎರಡು ವರ್ಷ ಏನೂ ಕಟ್ಟದೆ ಬಿಟ್ಟರೆ ಸರಳ ಬಡ್ಡಿ ಹಿಡಿದರೂ ಸಾಲ 36 ಲಕ್ಷ 60 ಸಾವಿರವಾಗಿ ಕಂತು 50 ಸಾವಿರ ದಾಟುತ್ತದೆ. ಡಾಲರಿನಲ್ಲಿ ದುಡಿಯುವವನಿಗೆ ಇದು ಹೊರೆಯಲ್ಲ. ಕೆಲಸ ಸಿಗದೆ ಊರಿಗೆ ಮರಳಿದವನ ಮೊದಲ ಸಂಬಳ ಪೂರ್ತಿ ಇದಕ್ಕೇ ಸಾಲದೆ ಹೋಗಬಹುದು.

ಇನ್ನು ವೀಸಾದ ಗಡುವು. ಅಮೆರಿಕದಲ್ಲಿ ಪದವಿಯ ನಂತರ ಓಪಿಟಿ ಎಂಬ ವ್ಯವಸ್ಥೆಯಡಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಗಣಿತ ವಿಷಯದವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. ಆದರೆ ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ಆಮೇಲೆ ಬೇಕಾಗುವ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65 ಸಾವಿರ, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿ 20 ಸಾವಿರ ಎಂಬ ಮಿತಿಯಿದೆ. ಯೋಗ್ಯತೆ ಇದ್ದೂ ಹೆಸರು ಬಾರದವರು ಪ್ರತಿ ವರ್ಷ ಇರುತ್ತಾರೆ. ಬ್ರಿಟನ್ನಿನಲ್ಲಿ 2021ರ ಜುಲೈಯಲ್ಲಿ ಆರಂಭವಾದ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು; 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲು ತೀರ್ಮಾನಿಸಲಾಗಿದೆ. ನಂತರವೂ ಉಳಿಯಬೇಕಾದರೆ ಪ್ರಾಯೋಜಕ ಪರವಾನಗಿ ಇರುವ ಸಂಸ್ಥೆಯೇ ನೌಕರಿ ಕೊಡಬೇಕು. ಅಂಥ ನೌಕರಿಯ ಸಾಮಾನ್ಯ ಕನಿಷ್ಠ ವೇತನವನ್ನು 2025ರ ಜುಲೈಯಲ್ಲಿ ವರ್ಷಕ್ಕೆ 41,700 ಪೌಂಡಿಗೆ ಏರಿಸಲಾಯಿತು. ಹೊಸ ಪದವೀಧರರಿಗೆ ಒಂದಿಷ್ಟು ರಿಯಾಯಿತಿ ಇದೆ, ಅಷ್ಟೆ. ಜರ್ಮನಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ. ಅಲ್ಲಿನ ತೊಡಕು ಭಾಷೆಯದು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕಛೇರಿ ನಡೆಯುವುದು ಜರ್ಮನ್ ಭಾಷೆಯಲ್ಲಿ.

ಗಡುವು ಹತ್ತಿರವಾದಾಗಲೇ ಮೋಸಗಾರರು ಬಾಗಿಲಿಗೆ ಬರುವುದು. ಇದು ಬಹಳ ಮುಖ್ಯವಾದ ಮಾತು. ಅಮೆರಿಕದಲ್ಲಿ 90 ದಿನ ತುಂಬುವ ಮೊದಲು ಕಾಗದದ ಮೇಲೆ ಮಾತ್ರ ನೌಕರಿ ತೋರಿಸುವ, ಇಲ್ಲದ ಅನುಭವವನ್ನು ಬಯೋಡಾಟಾದಲ್ಲಿ ತುಂಬಿಸುವ ಸಂಸ್ಥೆಗಳಿವೆ. ಸಂಬಳ ಕೊಡುವ ಬದಲು ಇವು ತರಬೇತಿಯ ಹೆಸರಿನಲ್ಲಿ ವಿದ್ಯಾರ್ಥಿಯಿಂದಲೇ ಹಣ ಕೀಳುತ್ತವೆ. ಸಿಕ್ಕಿಬಿದ್ದಾಗ ವೀಸಾ ಕಳೆದುಕೊಳ್ಳುವವನು ವಿದ್ಯಾರ್ಥಿ. 2019ರಲ್ಲಿ ಬಯಲಾದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಓದುಗರಿಗೆ ನೆನಪಿರಬಹುದು. ಅಮೆರಿಕದ ಅಧಿಕಾರಿಗಳೇ ಬಲೆಯಾಗಿ ತೆರೆದಿದ್ದ ಆ ನಕಲಿ ಸಂಸ್ಥೆಗೆ ತರಗತಿಯಿಲ್ಲದೆ ಸೇರಿ ಬಂಧನಕ್ಕೊಳಗಾದವರಲ್ಲಿ ಬಹುಪಾಲು ಭಾರತೀಯರು. ಬ್ರಿಟನ್ನಿನಲ್ಲಿ ಪ್ರಾಯೋಜಕತ್ವದ ಪತ್ರಕ್ಕೆ ಲಕ್ಷಗಟ್ಟಲೆ ಬೆಲೆ ಹೇಳುವ ದಲ್ಲಾಳಿಗಳಿದ್ದಾರೆ. ಆ ಪತ್ರ ಮಾರಾಟದ ವಸ್ತುವಲ್ಲ. ಹಣ ಕೊಟ್ಟು ಸೇರಿದ ಸಂಸ್ಥೆಯ ಪರವಾನಗಿ ರದ್ದಾದರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ಪ್ರಾಯೋಜಕರನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಹುಬ್ಬಳ್ಳಿಯ ಮನೆಯಲ್ಲಿ ಕುಳಿತು ತಂದೆಯೂ ನೋಡಬಹುದು.

ಇದಕ್ಕಿಂತ ಭೀಕರವಾದ ಇನ್ನೊಂದು ಜಾಲವಿದೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಕೈತುಂಬ ಸಂಬಳ ಎಂದು ನಂಬಿಸಿ ಕಂಪ್ಯೂಟರ್ ಬಲ್ಲ ಯುವಕರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳಿಗೆ ಸಾಗಿಸಿ, ಒತ್ತೆಯಿಟ್ಟು, ಸೈಬರ್ ವಂಚನೆಯ ಕೆಲಸಕ್ಕೆ ಹಚ್ಚುತ್ತಾರೆ. ಈ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಕೆ ನೀಡಿತ್ತು. ವೀಸಾ ಮುಗಿದು ಸಾಲ ಹೊತ್ತು ಮನೆಗೆ ಬಂದ ಪದವೀಧರ ಇಂಥ ಮಾತಿಗೆ ಬೇಗ ಕಿವಿಗೊಡುತ್ತಾನೆ. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ ಎಂದರೆ ಅಲ್ಲಿಗೇ ಬಿಡಬೇಕು. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರ ಹೆಸರುಗಳು ಇ-ಮೈಗ್ರೇಟ್ ಜಾಲತಾಣದಲ್ಲಿವೆ. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕವನ್ನು ನಿಯಮವು 30 ಸಾವಿರ ರೂಪಾಯಿ ಮತ್ತು ತೆರಿಗೆ ಎಂದು ನಿಗದಿಪಡಿಸಿದೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ನಾಲ್ಕು ದಿನ ಕಳೆದರೆ ಹಣ ಕೈತಪ್ಪಿ ಹೋಗಿರುತ್ತದೆ.

ಮರಳಿ ಬಂದವರ ಪಾಡಿನ ಬಗ್ಗೆಯೂ ಹೇಳಲೇಬೇಕು. ಇಲ್ಲಿನ ಕಾಲೇಜುಗಳಲ್ಲಿ ಕ್ಯಾಂಪಸ್ ಆಯ್ಕೆ ಆಯಾ ವರ್ಷದ ವಿದ್ಯಾರ್ಥಿಗಳಿಗೆ ಮಾತ್ರ. ಎರಡು ವರ್ಷ ಹೊರಗಿದ್ದವನು ಅನುಭವಿಯೂ ಅಲ್ಲ, ಹೊಸಬನೂ ಅಲ್ಲ. ಧರ್ಮಕೇಂದ್ರದಲ್ಲಿ ಪ್ರಾರ್ಥನೆ ಮುಗಿದು ಹೊರಬರುವಾಗ "ಯಾವಾಗ ಬಂದಿ, ಮತ್ತೆ ಯಾವಾಗ ಹೋಗ್ತಿ?" ಎಂದು ಕೇಳುವವರು ಹತ್ತು ಜನ. ಈ ಪ್ರಶ್ನೆಗೆ ಹೆದರಿ ಭಾನುವಾರ ಮನೆಯಲ್ಲೇ ಉಳಿಯುವ ಯುವಕರಿದ್ದರೆ ಯುವ ಸಂಘಟನೆಯವರು ಗಮನಿಸುವುದು ಒಳ್ಳೆಯದು.

ಮರಳಿದವರು ಪಿಎಚ್.ಡಿ. ಅಥವಾ ಸರ್ಕಾರಿ ನೌಕರಿ ಬಯಸಿದರೆ ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಬೇಕಾಗುತ್ತದೆ. ಯುಜಿಸಿ 2025ರ ಏಪ್ರಿಲ್‌ನಲ್ಲಿ ಇದಕ್ಕೆ ಹೊಸ ನಿಯಮಾವಳಿ ಹೊರಡಿಸಿದೆ. ಫ್ರಾಂಚೈಸಿ ಕೇಂದ್ರಗಳಲ್ಲಿ ಪಡೆದ ಪದವಿಗೆ ಇದರಲ್ಲಿ ಮಾನ್ಯತೆಯಿಲ್ಲ. ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳು ಆಯಾ ಮಂಡಳಿಗಳ ವ್ಯಾಪ್ತಿಗೆ ಬರುತ್ತವೆ. ಹೊರಡುವ ಮುನ್ನವೇ ಕಾಲೇಜಿನ ಮಾನ್ಯತೆಯ ವಿವರ, ಪಠ್ಯಕ್ರಮ, ಹಾಜರಾತಿ ಮತ್ತು ಶುಲ್ಕದ ರಸೀದಿಗಳನ್ನು ಒಂದು ಕಡತದಲ್ಲಿಟ್ಟು ಅದರ ಪ್ರತಿಯನ್ನು ಮನೆಯವರ ಬಳಿ ಬಿಟ್ಟು ಹೋಗಬೇಕು.