ಸ್ಟೆಬಿಲೈಸರ್ ಇದ್ದರೂ ಟಿವಿ ಸುಟ್ಟಿದ್ದು ಹೇಗೆ?



ನಮ್ಮಕ್ಕನ ಮನೆ ಇರುವುದು ನಾಸಿಕದ ಹತ್ತಿರದ ಓಝರ್‌ನಲ್ಲಿ. 1964ರಲ್ಲಿ ಮಿಗ್ ವಿಮಾನ ತಯಾರಿಸಲು ಎಚ್‌ಎಎಲ್ ಕಾರ್ಖಾನೆ ಬಂದ ಊರದು. ಭಾವ ಅಲ್ಲೇ ನೌಕರಿಯಲ್ಲಿದ್ದಾರೆ. ಒಂದು ಮೇ ತಿಂಗಳ ಸಂಜೆ ಗುಡುಗು-ಸಿಡಿಲಿನ ಮಳೆ ಬಂದು, ಒಂದೇ ಏಟಿಗೆ ಅವರ ಟಿವಿ, ಕಂಪ್ಯೂಟರ್ ಎರಡೂ ಸುಟ್ಟವು. ತೀರಿಕೊಂಡ ಅಮ್ಮ ಹಾಡಿದ್ದ ಸೋಬಾನೆ ಪದಗಳು ಆ ಕಂಪ್ಯೂಟರಿನಲ್ಲಿದ್ದವು. "ಸ್ಟೆಬಿಲೈಸರ್ ಹಾಕಿಸಿದ್ವಲ್ಲೋ, ಮತ್ತೆ ಹೇಗೆ ಸುಟ್ಟಿತು?" ಎಂದು ಅಕ್ಕ ಫೋನಿನಲ್ಲಿ ಅತ್ತಳು.

ನಿಮ್ಮ ಮನೆಯಲ್ಲೂ ಇದೇ ನಂಬಿಕೆ ಇರಬಹುದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅದು ನಿಧಾನವಾಗಿ 180ಕ್ಕೆ ಇಳಿದರೆ, 260ಕ್ಕೆ ಏರಿದರೆ ಸರಿಪಡಿಸುವುದು ಸ್ಟೆಬಿಲೈಸರ್ ಕೆಲಸ. ಸಿಡಿಲಿನ ಹೊಡೆತ ಹಾಗಲ್ಲ. ಸಾವಿರಾರು ವೋಲ್ಟ್ ಬಂದು, ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಹೋಗಿಬಿಡುತ್ತದೆ. ಸಾಮಾನ್ಯ ಸ್ಟೆಬಿಲೈಸರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇದನ್ನು ತಡೆಯುವುದು ಸ್ಪೈಕ್ ಗಾರ್ಡ್. ಅದರೊಳಗೆ ವೇರಿಸ್ಟರ್ ಎಂಬ ಸಣ್ಣ ಬಿಲ್ಲೆ ಇರುತ್ತದೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿ ಹರಿಯುತ್ತದಲ್ಲ, ಹಾಗೆ ಹೆಚ್ಚಾದ ವಿದ್ಯುತ್ತನ್ನು ಅದು ಪಕ್ಕಕ್ಕೆ ಹರಿಸುತ್ತದೆ. ಆದರೆ ಕೋಡಿಯ ನೀರಿಗೆ ಕಾಲುವೆ ಬೇಕು. ಇಲ್ಲಿ ಆ ಕಾಲುವೆ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಕ್ಕೆ ಸಿಕ್ಕಿಸಿದರೆ ಕಾಲುವೆಯನ್ನೇ ಮುಚ್ಚಿದಂತೆ.

ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟು 'ಜೂಲ್' ಎಂದು ಬರೆದಿದೆಯೇ ನೋಡಿ. ಬರೀ ಸ್ವಿಚ್ಚು, ದೀಪ ಇರುವ ಎಕ್ಸ್‌ಟೆನ್ಷನ್ ಬೋರ್ಡೆಲ್ಲ ಸ್ಪೈಕ್ ಗಾರ್ಡ್ ಅಲ್ಲ. ಪ್ರತಿ ಹೊಡೆತಕ್ಕೂ ಬಿಲ್ಲೆ ಸವೆಯುತ್ತದೆ. ರಕ್ಷಣೆಯ ದೀಪ ಆರಿದರೆ ಹೊಸದು ತನ್ನಿ.

ಇನ್ನೊಂದು ಅಪಾಯ, ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿಯುವುದು. ಆಗ ಮನೆಗೆ 400 ವೋಲ್ಟಿನ ಹತ್ತಿರ ಬಂದು ಹಾಗೇ ನಿಲ್ಲಬಹುದು. ಇದಕ್ಕೆ ಸ್ಪೈಕ್ ಗಾರ್ಡೂ ಸಾಲದು. ಬಲ್ಬುಗಳು ಇದ್ದಕ್ಕಿದ್ದಂತೆ ಪ್ರಖರವಾಗಿ ಉರಿದರೆ ತಕ್ಷಣ ಮೇನ್ ಸ್ವಿಚ್ ಆರಿಸಿ.

ಮನೆಯ ಹತ್ತಿರವೇ ಸಿಡಿಲು ಬಡಿದರೆ ಯಾವ ಬಿಲ್ಲೆಯನ್ನೂ ನೆಚ್ಚುವಂತಿಲ್ಲ. ಮೋಡ ಕವಿದಾಗಲೇ ಪ್ಲಗ್ ಕಿತ್ತುಬಿಡಿ. ಟಿವಿ ಕೇಬಲನ್ನೂ ಕೀಳಲು ಮರೆಯಬೇಡಿ, ಹೊಡೆತ ಅದರಿಂದಲೂ ಬರುತ್ತದೆ. ಮಿಂಚು ಶುರುವಾದ ಮೇಲೆ ಮಾತ್ರ ಪ್ಲಗ್, ತಂತಿ ಮುಟ್ಟಬೇಡಿ. ಜೀವಕ್ಕಿಂತ ಟಿವಿ ದೊಡ್ಡದಲ್ಲ.

ಅಕ್ಕ ಹೊಸ ಟಿವಿ ಕೊಂಡಳು. ಅಮ್ಮನ ಹಾಡು ಮತ್ತೆ ಸಿಗಲಿಲ್ಲ. ದಿನವೂ ಮೈಕಿನ ಮುಂದೆ ಕೂರುವ ನಾನೇ ಅದಕ್ಕೊಂದು ಪ್ರತಿ ಮಾಡಿಟ್ಟಿರಲಿಲ್ಲ. ನಿಮ್ಮ ಹಿರಿಯರ ದನಿ ಎಲ್ಲಾದರೂ ಇದ್ದರೆ, ಇಂದೇ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿ.