ಒಂದು ಮಾತ್ರೆಯೊಳಗಣ ಎರಡು ಔಷಧಗಳು

ಮೊಣಕಾಲಿನ ನೋವಿಗೋ ಬೆನ್ನಿನ ಉಳುಕಿಗೋ ವೈದ್ಯರು ಬರೆದುಕೊಡುವ ಮಾತ್ರೆಯ ಪಟ್ಟಿಯ ಮೇಲೆ ದೊಡ್ಡಕ್ಷರಗಳಲ್ಲಿ ಮೆರೆಯುವ ಹೆಸರನ್ನು ದಾಟಿ, ಅದರಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಘಟಕಗಳ ವಿವರವನ್ನು ಓದುವ ಅಭ್ಯಾಸವುಳ್ಳವರು ನಮ್ಮಲ್ಲಿ ವಿರಳ. ಓದಿದವರಿಗೆ ಅಲ್ಲಿ ಅನೇಕ ವೇಳೆ ಒಂದಲ್ಲ, ಎರಡು ಔಷಧಗಳು ಗೋಚರಿಸುತ್ತವೆ: ಅಸಿಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ. ಮೊದಲನೆಯದರ ಸ್ಥಾನದಲ್ಲಿ ಟ್ರಮಡಾಲ್ ಇರುವುದೂ ಉಂಟು.

ಹೀಗೆ ಕೂಡಿಸುವುದರಲ್ಲಿ ಯುಕ್ತಿ ಇಲ್ಲದಿಲ್ಲ. ಪೆಟ್ಟು ತಿಂದ ಅಂಗಾಂಶದಲ್ಲಿ ಹುಟ್ಟಿ ನೋವಿನ ನರಗಳನ್ನು ಕೆರಳಿಸುವ ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನೇ ಆಸ್ಪಿರಿನ್ ಜಾತಿಯ ಔಷಧಗಳು ತಡೆಯುತ್ತವೆಂಬುದನ್ನು 1971ರಲ್ಲಿ ತೋರಿಸಿ, 1982ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಭಾಗಿಯಾದವರು ಇಂಗ್ಲೆಂಡಿನ ಜಾನ್ ವೇನ್. ಅಸಿಕ್ಲೋಫೆನಾಕ್ ಆ ಕುಲದ್ದೇ. ಪ್ಯಾರಸಿಟಮಾಲಾದರೋ ಬಹುಮಟ್ಟಿಗೆ ಮಿದುಳು ಬೆನ್ನುಹುರಿಗಳಲ್ಲಿ ತನ್ನ ಕೆಲಸವನ್ನು ನಡೆಸುತ್ತದೆ. ಮಾರ್ಗಗಳು ಬೇರೆಯಾದುದರಿಂದ ಎರಡೂ ಸೇರಿದಾಗ ಒಂದೊಂದರ ಅಲ್ಪ ಪ್ರಮಾಣವೇ ಸಾಕಾಗಬಹುದು.

ತೊಡಕಿರುವುದು ಆ ಪ್ಯಾರಸಿಟಮಾಲ್ ಬೇರೆ ಹೆಸರುಗಳಲ್ಲಿಯೂ ಮನೆಯನ್ನು ಹೊಕ್ಕಿರುವುದರಲ್ಲಿ. ಇಂಥ ಮಾತ್ರೆಯನ್ನು ದಿನಕ್ಕೆರಡರಂತೆ ನುಂಗುತ್ತಿರುವವನಿಗೆ ಜ್ವರವೂ ನೆಗಡಿಯೂ ಒಟ್ಟಿಗೆ ಬಂದವೆನ್ನೋಣ. ಜ್ವರಕ್ಕೆಂದು, ಬೆಂಗಳೂರಿನ ಕಂಪನಿಯೊಂದು ತಯಾರಿಸುವ, ಕೊರೋನಾದ ವರ್ಷಗಳಲ್ಲಿ ಮನೆಮಾತಾದ ಡೋಲೋ-650ನ್ನು ನಾಲ್ಕು ಸಲವೂ, ನೆಗಡಿಗೆಂದು 500 ಮಿಲಿಗ್ರಾಂ ಪ್ಯಾರಸಿಟಮಾಲನ್ನು ಅಡಗಿಸಿಕೊಂಡ ಇನ್ನೊಂದನ್ನು ಮೂರು ಸಲವೂ ಆತನು ಸೇವಿಸಿದರೆ, ದಿನದ ಮೊತ್ತ 4,750 ಮಿಲಿಗ್ರಾಮಿಗೆ ಮುಟ್ಟಿತು. ಆರೋಗ್ಯವಂತನಾದ ವಯಸ್ಕನಿಗೇ ಮೇರೆ 4,000. ಮದ್ಯಪಾನಿಗೆ, ಕೃಶಶರೀರಿಗೆ, ಯಕೃತ್ತು ದುರ್ಬಲವಾದವನಿಗೆ ಇನ್ನೂ ಕಡಮೆ. ಆತನ ಲೆಕ್ಕದಲ್ಲಿ ತಾನು ತೆಗೆದುಕೊಂಡದ್ದು ಮೂರು ರೋಗಗಳಿಗೆ ಮೂರು ಬೇರೆ ಮದ್ದು!

ಮೇರೆ ಮೀರಿದಾಗ ನಡೆಯುವುದೇನು? ಪ್ಯಾರಸಿಟಮಾಲಿನ ಬಹುಭಾಗವನ್ನು ಯಕೃತ್ತು ನಿರಪಾಯವಾದ ರೂಪಕ್ಕೆ ತಿರುಗಿಸಿ ಹೊರಗೆಡಹುತ್ತದೆ. ಸ್ವಲ್ಪಾಂಶ ಮಾತ್ರ ವಿಷವಾಗಿ ಪರಿಣಮಿಸುತ್ತದೆ, ಅದನ್ನು ಗ್ಲುಟಾಥಯೋನ್ ಎಂಬ ದ್ರವ್ಯವು ಒಡನೆಯೇ ಬಂಧಿಸುತ್ತದೆ. ಆದರೆ ಗ್ಲುಟಾಥಯೋನಿನ ಸಂಗ್ರಹ ಮನೆಯ ಕಣಜದಂತೆ ಮಿತವಾದದ್ದು. ಅದು ಬರಿದಾದ ಮೇಲೆ ಉಳಿದ ವಿಷವು ಯಕೃತ್ತಿನ ಜೀವಕೋಶಗಳನ್ನೇ ಹಿಡಿಯುತ್ತದೆ. ಮೊದಲ ದಿನ ಓಕರಿಕೆ, ಆಯಾಸಗಳ ಹೊರತು ವಿಶೇಷ ಲಕ್ಷಣವೇನೂ ಕಾಣದಿರಬಹುದೆಂಬುದು ಈ ವಿಷದ ಅತ್ಯಂತ ವಂಚಕವಾದ ಗುಣ. ಪ್ರತ್ಯೌಷಧವಾದ ಅಸಿಟೈಲ್ ಸಿಸ್ಟೀನ್ ಮಿತಿಮೀರಿದ ಸೇವನೆಯ ಎಂಟು ಗಂಟೆಗಳೊಳಗೆ ದೊರೆತರೆ ಅತ್ಯುತ್ತಮ ಫಲವನ್ನೀಯುತ್ತದೆ. ಆದುದರಿಂದ ಸಂದೇಹ ಬಂದೊಡನೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕುದು, ಖಾಲಿ ಪಟ್ಟಿಗಳನ್ನೂ ಒಯ್ಯತಕ್ಕುದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿ, ವೈದ್ಯರ ಚೀಟಿಯ ಮೇಲೆ ಮಾರುವ ಸಂಯುಕ್ತ ಮಾತ್ರೆಯೊಂದರಲ್ಲಿ ಪ್ಯಾರಸಿಟಮಾಲ್ 325 ಮಿಲಿಗ್ರಾಮನ್ನು ಮೀರಬಾರದೆಂದು ತಯಾರಕರಿಗೆ ಸೂಚಿಸಿದುದು ಈ ಕಾರಣದಿಂದಲೇ. ನಮ್ಮ ಕೇಂದ್ರ ಸರ್ಕಾರವೂ 2024ರ ಆಗಸ್ಟಿನಲ್ಲಿ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. 50 ಮಿಲಿಗ್ರಾಂ ಅಸಿಕ್ಲೋಫೆನಾಕ್, 125 ಮಿಲಿಗ್ರಾಂ ಪ್ಯಾರಸಿಟಮಾಲ್ ಕೂಡಿದ ಮಾತ್ರೆಯೂ ಅವುಗಳಲ್ಲೊಂದು.

ಜೊತೆಗಾರನಾದ ಅಸಿಕ್ಲೋಫೆನಾಕಿನ ದೋಷಗಳೂ ಬೇರೆ ಇವೆ. ಪ್ರೋಸ್ಟಗ್ಲಾಂಡಿನ್‌ಗಳು ನೋವನ್ನು ತರುವುದಷ್ಟೇ ಅಲ್ಲ, ಜಠರದ ಒಳಪದರವನ್ನೂ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತವು ಸರಾಗವಾಗಿ ಹರಿಯುವುದಕ್ಕೂ ನೆರವಾಗುತ್ತವೆ. ಅವನ್ನು ಅಡಗಿಸಿದರೆ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ. ಆದುದರಿಂದ ರಕ್ತ ತೆಳುವಾಗಿಸುವ ಮಾತ್ರೆಯನ್ನು ನುಂಗುವವರು, ಹಿಂದೆ ಹೊಟ್ಟೆಹುಣ್ಣಾದವರು, ಹೃದಯರೋಗಿಗಳು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು ಅಸಿಕ್ಲೋಫೆನಾಕಿನೊಂದಿಗೆ ಸೇರಿಸುವುದು ಅವಿವೇಕ.

ಟ್ರಮಡಾಲ್ ಬೆರೆತ ಮಾತ್ರೆಯ ವಿಚಾರ ಇನ್ನೂ ಸೂಕ್ಷ್ಮ. ಅಫೀಮಿನ ಸಂಬಂಧಿಯಾದ ಇದನ್ನು 2018ರಲ್ಲಿ ಮಾದಕದ್ರವ್ಯಗಳ ಕಾಯಿದೆಯ ಕೆಳಗೆ ತರಲಾಗಿದೆ. ಮದ್ಯದೊಡನೆ, ನಿದ್ರೆಯ ಗುಳಿಗೆಯೊಡನೆ ಸೇರಿದರೆ ಉಸಿರನ್ನೇ ಕುಗ್ಗಿಸಬಲ್ಲುದು. ಯಕೃತ್ತಿನ ಕಿಣ್ವವೊಂದು ಟ್ರಮಡಾಲನ್ನು ಪ್ರಬಲತರವಾದ ರೂಪಕ್ಕೆ ಮಾರ್ಪಡಿಸುವುದಷ್ಟೆ. ಆ ಕಿಣ್ವದ ವೇಗವು ಕೆಲವರಲ್ಲಿ ಜನ್ಮತಃ ಅತಿಯಾಗಿರುವುದರಿಂದ, ತಂದೆಗೆ ನಿದ್ದೆಯನ್ನು ತಂದ ಅದೇ ಪ್ರಮಾಣವು ಮಗನಿಗೆ ವಿಪತ್ತಾಗಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗಂತೂ ಅದನ್ನು ಕೊಡಲೇಕೂಡದು.